ತಿಪ್ಪಯ್ಯನ ಮುಖ ಕಾಣುವಷ್ಟು

ಎಲ್ಲಕ್ಕೂ ಮೂಲ ಓಂಕಾರಮೂರ್ತಿಯ ಬಲಗಿವಿ.

"ಲೇ ಮೂರ್ತಿ, ಆರು ತಿಂಗಳಿಂದ ವಿಡಿಯೊದಾಗೆ ನಿನ್ನ ಕಿವೀನೇ ನೋಡ್ತಾ ಇದೀನಿ ಕಣಲೇ. ಮುಖ ಅನ್ನೋದು ಐತೋ, ಮಾರಿಬಿಟ್ಟೆಯೋ?" ಎಂದು ಭಾನುವಾರ ಬೆಳಿಗ್ಗೆ ಮೊಳಕಾಲ್ಮೂರಿನಿಂದ ತಿಪ್ಪಯ್ಯ ಕೂಗಿದ.

ಅದರಲ್ಲಿ ಮೂರ್ತಿಯ ತಪ್ಪೇನೂ ಇರಲಿಲ್ಲ. ಅವನ ಹಳೆಯ ಫೋನಿನ ಸ್ಪೀಕರು ನೆಗಡಿಯಾದ ಎಮ್ಮೆಯಂತೆ ಗೊರಗುಟ್ಟುತ್ತಿತ್ತು. ಮಾತು ಕೇಳಬೇಕೆಂದರೆ ಕಿವಿಗೆ ಒತ್ತಿಕೊಳ್ಳಬೇಕು. ಮುಖ ನೋಡಬೇಕೆಂದರೆ ಮಾತು ಬಿಡಬೇಕು.

"ಒಂದು ಟ್ಯಾಬ್ ತಗೊಳ್ಳೋ. ಸಂಜೆ ಐದಕ್ಕೆ ಮಾಡ್ತೀನಿ. ಇವತ್ತು ಮುಖ ಕಾಣದಿದ್ರೆ ಇನ್ನು ಮಾತಾಡಾದೇ ಇಲ್ಲ" ಎಂದು ತಿಪ್ಪಯ್ಯ ಫೋನ್ ಇಟ್ಟುಬಿಟ್ಟ.

ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಇಬ್ಬರೂ ಇಪ್ಪತ್ತಾರು ವರ್ಷ ಒಂದೇ ತಕ್ಕಡಿಯ ಹತ್ತಿರ ನಿಂತವರು. ತಿಪ್ಪಯ್ಯ ಶೇಂಗಾ ಚೀಲ ಎತ್ತಿಡುವವನು, ಮೂರ್ತಿ ತೂಕ ಕೂಗುವವನು. ಕೆಲಸ ಬಿಟ್ಟ ಮೇಲೆ ಎದುರಿನ ಕಟ್ಟೆಯ ಮೇಲೆ ಮಂಡಕ್ಕಿ ಮಿರ್ಚಿಯ ಪೊಟ್ಟಣ ನಡುವೆ ಇಟ್ಟುಕೊಂಡು ಕತ್ತಲಾಗುವವರೆಗೆ ಕೂರುತ್ತಿದ್ದರು. ಹೋದ ವರ್ಷ ತಿಪ್ಪಯ್ಯನ ಬೆನ್ನು ಕೈಕೊಟ್ಟಿತು. ಅವನು ಹೆಂಡತಿಯ ತವರು ಮೊಳಕಾಲ್ಮೂರಿಗೆ ಹೋಗಿ ಭಾವಮೈದುನನ ಮಗ್ಗದ ಮನೆಯಲ್ಲಿ ರೇಷ್ಮೆ ಸುತ್ತುತ್ತಾ ಕುಳಿತ. ಮೂರ್ತಿಗೆ ಮದುವೆಯಾಗಿರಲಿಲ್ಲ. ಮೊದಲು ಜಾತಕ ಕೂಡಲಿಲ್ಲ, ಆಮೇಲೆ ಅಣ್ಣಂದಿರ ಮನಸ್ಸು ಕೂಡಲಿಲ್ಲ, ಆಮೇಲೆ ಕೇಳುವವರೇ ಇರಲಿಲ್ಲ. ಈಗ ಸಂಜೆ ಅವನೊಬ್ಬನಿಗೇ ಒಂದು ಪೊಟ್ಟಣ ಮುಗಿಯುತ್ತಿರಲಿಲ್ಲ. ಅರ್ಧ ಪೊಟ್ಟಣ ಯಾರೂ ಕಟ್ಟಿಕೊಡುತ್ತಿರಲಿಲ್ಲ.

ಟ್ಯಾಬ್ ಎಲ್ಲಿ ಸಿಗುತ್ತದೆ ಎಂದು ಅವನು ಓಣಿಯ ಜೆರಾಕ್ಸ್ ಅಂಗಡಿಯ ಸಂಗಮೇಶನನ್ನು ಕೇಳಿದ. ಕೇಳಬಾರದಿತ್ತು. ಸಂಗಮೇಶ ಕೈಯಲ್ಲಿದ್ದ ಆಧಾರ್ ಕಾರ್ಡನ್ನು ಗಿರಾಕಿಯ ಮುಂದೆ ಹಾಗೇ ಬಿಟ್ಟು ಎದ್ದು ನಿಂತ.

"ನೀವೊಬ್ರೇ ಹೋದ್ರೆ ಟೋಪಿ ಹಾಕ್ತಾರೆ ಮೂರ್ತಣ್ಣ. ನಾನು ಬರ್ತೀನಿ. ಓಬಳೇಶನ್ನೂ ಕರಿತೀನಿ."

ಓಬಳೇಶ ಕುದಾಪುರದ ಕಡೆಯ ಒಂದು ಸಂಶೋಧನಾ ಕೇಂದ್ರಕ್ಕೆ ವ್ಯಾನು ಓಡಿಸುತ್ತಿದ್ದ. ಮುಂದಿನ ಸೀಟಿನಲ್ಲಿದ್ದರೂ ಹಿಂದಿನ ಸೀಟಿನವರ ಮಾತು ಕಿವಿಗೆ ಬೀಳುತ್ತದಲ್ಲ, ಹಾಗಾಗಿ ಓಣಿಯವರು ಅವನನ್ನು ಅರ್ಧ ವಿಜ್ಞಾನಿಯೆಂದೇ ಒಪ್ಪಿಕೊಂಡಿದ್ದರು.

ಮೂವರೂ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಹೋದರು. ಅಂಗಡಿಯ ಹುಡುಗಿ ಸ್ವಪ್ನ ಒಂದು ಸಣ್ಣ ಟ್ಯಾಬ್ ತೆಗೆದು ಮೂರ್ತಿಯ ಕೈಗಿತ್ತಳು. ಅದು ಜೋಳದ ರೊಟ್ಟಿಯಷ್ಟು ಹಗುರ. ಅಕ್ಷರಗಳೆಲ್ಲ ಕನ್ನಡದಲ್ಲಿ, ಕನ್ನಡಕ ತೆಗೆದರೂ ಓದುವಷ್ಟು ದಪ್ಪ.

"ಸಿಮ್ ಹಾಕಿದ್ರೆ ಆಯ್ತು ಅಂಕಲ್. ಕರೆ ಬಂದಾಗ ಈ ಹಸಿರು ಒತ್ತಿ, ಅಷ್ಟೇ" ಎಂದಳು.

ಮೂರ್ತಿ ಒತ್ತಿದ. ಅವನದೇ ಮುಖ ಎದುರಿಗೆ ಬಂತು. ಎರಡೂ ಕಿವಿ, ನಡುವೆ ಮೂಗು, ಎಲ್ಲವೂ ಇದ್ದ ಜಾಗದಲ್ಲೇ. ಇಷ್ಟು ದಿನದಲ್ಲಿ ತಾನು ಸ್ವಲ್ಪ ಮುದುಕನಾಗಿದ್ದೇನೆ ಎನ್ನಿಸಿದರೂ ಅವನಿಗೆ ಖುಷಿಯೇ ಆಯಿತು.

"ಇದೇ ಇರಲಿ" ಎಂದ.

ಸಂಗಮೇಶ ಡಬ್ಬಿ ತಿರುಗಿಸಿ ಹಿಂದಿನ ಬರಹ ಓದಿ, ಹೆಣ್ಣಿನ ಕಡೆಯವರ ದೋಷ ಹಿಡಿದ ಬೀಗರಂತೆ ತಲೆಯಾಡಿಸಿದ. "ನಾಲ್ಕೇ ಜಿಬಿ ರ್‍ಯಾಮ್! ಇದು ಒಂಟೆತ್ತಿನ ಗಾಡಿ ಮೂರ್ತಣ್ಣ. ಏರು ಬಂದ್ರೆ ಮಲಗಿಬಿಡ್ತೈತೆ."

"ಪ್ರೊಸೆಸರ್ ಕೇಳ್ರಿ ಮೊದ್ಲು. ನಮ್ಮ ಸೈಂಟಿಸ್ಟ್‌ಗಳು ವ್ಯಾನಿನಾಗೆ ಬರೇ ಅದನ್ನೇ ಮಾತಾಡ್ತಾರೆ" ಎಂದ ಓಬಳೇಶ.

ಸ್ವಪ್ನ ಮೆಲ್ಲಗೆ, "ಅಂಕಲ್ ಇದನ್ನ ಏನಕ್ಕೆ ಬಳಸ್ತಾರೆ?" ಎಂದಳು.

"ತಿಪ್ಪಯ್ಯನ್ನ ನೋಡಾಕೆ" ಎಂದ ಮೂರ್ತಿ.

"ಹಂಗಾದ್ರೆ ಹನ್ನೆರಡು ಜಿಬಿ ಬೇಕೇ ಬೇಕು" ಎಂದು ಸಂಗಮೇಶ ತೀರ್ಪು ಕೊಟ್ಟ.

ಗಾಜಿನ ಕಪಾಟಿನಿಂದ ದೊಡ್ಡದೊಂದು ಇಳಿಯಿತು. ಅಗಲ ಮೊರದಷ್ಟು, ಭಾರ ಒರಳುಗುಂಡಿನಷ್ಟು. ಎಂಟು ಕೋರು, ಹಿಂದೆ ಎರಡು ಕ್ಯಾಮೆರಾ, ಬರೆಯಲು ಪೆನ್ನು. ಎಂಟು ಕೋರು ಎಂದರೇನೆಂದು ಮೂರ್ತಿ ಕೇಳಿದ. ಎಂಟು ಆಳು ಒಟ್ಟಿಗೆ ಚೀಲ ಎತ್ತಿದಂಗೆ ಎಂದ ಓಬಳೇಶ. ತಿಪ್ಪಯ್ಯ ಒಬ್ಬನೇ ಎತ್ತುತ್ತಿದ್ದನಲ್ಲ ಎಂದು ಮೂರ್ತಿಗೆ ಅನ್ನಿಸಿತು.

ಸಣ್ಣದನ್ನು ಅವನು ಇನ್ನೂ ಕೈಯಲ್ಲಿ ಹಿಡಿದಿದ್ದ. ಬಲಗಡೆ ಸಂಗಮೇಶ, ಎಡಗಡೆ ಓಬಳೇಶ. ಇಬ್ಬರೂ ಅವನ ಹೆಗಲ ಮೇಲೆ ಕೈ ಹಾಕಿಕೊಂಡು ಅವನಿಗಾಗಿ ಜಗಳವಾಡುತ್ತಿದ್ದರು. ಒಂದು ವರ್ಷದಲ್ಲಿ ಅವನ ಹೆಗಲ ಮೇಲೆ ಯಾರ ಕೈಯೂ ಬಿದ್ದಿರಲಿಲ್ಲ. ಬೇಡ ಎಂದರೆ ಕೈ ತೆಗೆದುಬಿಡುತ್ತಾರೆ.

"ನೀವು ಹೇಳಿದ ಮೇಲೆ ಮುಗೀತು. ದೊಡ್ಡದೇ ಕಟ್ಟವ್ವಾ" ಎಂದ.

ಅಂಗಡಿಯ ಹೊರಗೆ ಮೂವರೂ ಚಹಾ ಕುಡಿದರು. ಸಂಜೆ ಮನೆಗೆ ಬಂದು ನೋಡಿ ಎಂದು ಮೂರ್ತಿ ಕರೆದ. ಸಂಗಮೇಶನಿಗೆ ಅಂಗಡಿ ನೆನಪಾಯಿತು, ಓಬಳೇಶನಿಗೆ ವ್ಯಾನು. ಲೋಟ ತಣ್ಣಗಾಗುವ ಮೊದಲೇ ಮೂರ್ತಿ ಮತ್ತೆ ಒಬ್ಬನಾಗಿದ್ದ, ಕಂಕುಳಲ್ಲಿ ಎಂಟು ಆಳು.

ಮನೆಗೆ ಬಂದು ಸಿಮ್ ಹಾಕಲು ಹೊರಟರೆ ತೂತೇ ಇಲ್ಲ. ಮೇಲೆ ಹುಡುಕಿದ, ಕೆಳಗೆ ಹುಡುಕಿದ, ಮಗುವಿನ ಬಾಯಲ್ಲಿ ಹಲ್ಲು ಹುಡುಕಿದಂತೆ ಸುತ್ತಲೂ ಬೆರಳಾಡಿಸಿದ. ಟ್ಯಾಬನ್ನು ಹೊತ್ತು ಸಂಗಮೇಶನ ಬಳಿಗೆ ಓಡಿದ.

"ಇದು ವೈಫೈ ಮಾಡೆಲ್ ಅಣ್ಣ. ಸಿಮ್ ಇರಲ್ಲ. ಡಬ್ಬಿ ಹಿಂದೆ ಬರೆದಿತ್ತಲ್ಲ?" ಎಂದ ಸಂಗಮೇಶ, ತಲೆ ಎತ್ತದೆ.

"ನೀನೇ ಓದಿದ್ಯಲ್ಲೋ!"

"ನಾನು ಓದಿದ್ದು ರ್‍ಯಾಮು." ಪಾಪ ಎನ್ನಿಸಿತೋ ಏನೋ, ಮೂರ್ತಿಯ ಫೋನಿನಿಂದಲೇ ಟ್ಯಾಬಿಗೆ ನೆಟ್ ಹಾಯಿಸಿ, ವಾಟ್ಸಾಪ್ ಕೂಡಿಸಿ ಕೊಟ್ಟು ಕಳಿಸಿದ.

ಟ್ಯಾಬಿಗೆ ನೆಟ್ಟಿನ ವಾಸನೆ ಬಂದದ್ದೇ ತಡ, ಬರಗೆಟ್ಟು ಬಂದ ಅಳಿಯನಂತೆ ಉಣ್ಣಲು ಕುಳಿತಿತು. ಅಪ್‌ಡೇಟ್ ಅಂತೆ. ಒಂದು ಮುಗಿದರೆ ಇನ್ನೊಂದು. ಕೊನೆಗೆ ಫೋನಿಗೆ ಸಂದೇಶ ಬಂತು: ಇವತ್ತಿನ ಡೇಟಾ ಪೂರ್ತಿ ಮುಗಿದಿದೆ. ಟ್ಯಾಬಿನ ಬ್ಯಾಟರಿಯೂ ಅರ್ಧಕ್ಕಿಂತ ಕೆಳಗಿಳಿದಿತ್ತು. ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷ.

ಮೂರ್ತಿಯ ಕೋಣೆಯ ಗೋಡೆಯಾಚೆ ಮನೆಯ ಒಡತಿ ಕೊಟ್ರಮ್ಮ. ಎಪ್ಪತ್ತರ ಮುದುಕಿ, ಧಾರಾವಾಹಿ ನೋಡಲು ವೈಫೈ ಹಾಕಿಸಿಕೊಂಡಿದ್ದಳು. ಮೂರ್ತಿ ಬಾಗಿಲು ತಟ್ಟಿದ.

"ಅಮ್ಮಾರೇ, ಅರ್ಧ ಗಂಟೆ ನಿಮ್ಮ ವೈಫೈ..."

"ಬಾರಪ್ಪ. ಪಾಸ್‌ವರ್ಡ್ ಅಗೋ ದೇವರ ಕ್ಯಾಲೆಂಡರಿನ ಹಿಂದೆ ಬರೆದೈತೆ" ಎಂದಳು.

ಸರಿಯಾಗಿ ಐದಕ್ಕೆ ಟ್ಯಾಬ್ ಮೊಳಗಿತು. ಕೊಟ್ರಮ್ಮನ ಪಡಸಾಲೆಯ ಸ್ಟೂಲಿನ ಮೇಲೆ, ತುಂಬಿದ ಬಿಂದಿಗೆಗೆ ಒರಗಿಸಿಟ್ಟ ಪರದೆಯ ತುಂಬ ತಿಪ್ಪಯ್ಯ ಮೂಡಿದ. ನರೆತ ಮೀಸೆ, ಹುಬ್ಬಿನ ಮೇಲಿನ ಗಾಯದ ಗುರುತು, ಎಲ್ಲ ಅಷ್ಟಷ್ಟು ದೊಡ್ಡದಾಗಿ. ಮೂರ್ತಿಯ ಕಣ್ಣು ಮಂಜಾಯಿತು.

"ಈಗ ಕಂಡ್ಯಲ್ಲೋ ಲೇ!" ಎಂದ ತಿಪ್ಪಯ್ಯ.

"ನೀನೂ ಕಂಡೆ" ಎಂದ ಮೂರ್ತಿ.

"ಊಟ ಆತಾ?"

"ಆತು. ನಿಂದು?"

"ಆತು."

ಆಮೇಲೆ ಏನು? ಕಟ್ಟೆಯ ಮೇಲೆ ಇಪ್ಪತ್ತಾರು ವರ್ಷ ಕೂತಿದ್ದರೆಂಬುದು ನಿಜ. ಆದರೆ ಅಲ್ಲಿ ಅವರು ಮಾತಾಡುತ್ತಿರಲಿಲ್ಲ. ಮಂಡಕ್ಕಿ ಮುಕ್ಕುತ್ತಾ, ಹಿರಿಯೂರು ಕಡೆ ಹೋಗುವ ಲಾರಿ ನೋಡುತ್ತಾ, ಸುಮ್ಮನೆ ಇರುತ್ತಿದ್ದರು. ಈಗ ಪರದೆಯೊಳಗೆ ಸುಮ್ಮನಿದ್ದರೆ ಅದು ಬೇರೆಯೇ ಥರ ಕಾಣುತ್ತಿತ್ತು.

"ಹಲೋ, ನೆಟ್ ಹೋತಾ?" ಎಂದ ತಿಪ್ಪಯ್ಯ.

"ಇಲ್ಲ, ಐತೆ. ಸುಮ್ನೆ ಇದ್ದೆ."

"ಓ. ನಾನೂ ಸುಮ್ನಿದ್ದೆ."

ಮತ್ತೆ ಅರ್ಧ ನಿಮಿಷ. "ಹಲೋ?" ಎಂದ ಈ ಸಲ ಮೂರ್ತಿ.

ಅಷ್ಟರಲ್ಲಿ ಕೊಟ್ರಮ್ಮ ಕೋಸಂಬರಿಗೆ ಹೆಸರುಬೇಳೆ ಆರಿಸುತ್ತಾ ಬಂದವಳು ಹಿಂದಿನಿಂದ ಇಣುಕಿದಳು. "ಯಾವೂರಪ್ಪ ನಿಂದು?"

"ಮೊಳಕಾಲ್ಮೂರು ಕಣಮ್ಮ."

ಮುದುಕಿ ಮೊರ ಕೆಳಗಿಟ್ಟಳು. "ನನ್ನ ತವರೂ ಅದೇ! ಏ ವೀಧಿ?" ಎಂದು ಆ ಗಡಿ ಊರಿನ ತೆಲುಗಿನಲ್ಲಿ ಬೀದಿ ಕೇಳಿದಳು.

ತಿಪ್ಪಯ್ಯನ ಮುಖ ಲೈಟು ಹಾಕಿದಂತಾಯಿತು. ಅವನು ತೆಲುಗಿನಲ್ಲೇ ಶುರು ಮಾಡಿದ. ಕೊಟ್ರಮ್ಮ ಮೂರ್ತಿಯನ್ನು "ಒಸಿ ಜರುಗಪ್ಪ" ಎಂದು ಪಕ್ಕಕ್ಕೆ ಸರಿಸಿ ಪರದೆಯ ಮುಂದೆ ಕುಳಿತಳು. ಮೂರ್ತಿಗೆ ತೆಲುಗು ಬಾರದು. ಯಾರದೋ ಹೆಸರು ಬಂದಾಗ ಇಬ್ಬರೂ ನಕ್ಕರು, ಇನ್ಯಾರದೋ ಹೆಸರಿಗೆ ಇಬ್ಬರೂ ಲೊಚಗುಟ್ಟಿದರು. ಮೂರ್ತಿ ನಗುವಿಗೆ ನಕ್ಕು, ಲೊಚಗುಟ್ಟಿದಾಗ ಲೊಚಗುಟ್ಟಿ ಒಂದಷ್ಟು ಹೊತ್ತು ನಿಭಾಯಿಸಿದ. ಒಮ್ಮೆ ಸಾವಿನ ಸುದ್ದಿಗೆ ನಕ್ಕುಬಿಟ್ಟ. ಕೊಟ್ರಮ್ಮ ತಿರುಗಿ ನೋಡಿದಳು. ಅವನು ಎದ್ದು ತನ್ನ ಕೋಣೆಗೆ ಬಂದ.

ದೀಪ ಹಚ್ಚುವ ಹೊತ್ತಾದರೂ ಗೋಡೆಯಾಚೆಯ ಮಾತು ನಿಲ್ಲಲಿಲ್ಲ. ತಿಪ್ಪಯ್ಯ ಇಷ್ಟೊಂದು ಮಾತಾಡಬಲ್ಲ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಆಮೇಲೆ ಒಮ್ಮೆಲೇ ಎಲ್ಲ ನಿಶ್ಶಬ್ದವಾಯಿತು. ಮರುಗಳಿಗೆಯಲ್ಲೇ ಮೂರ್ತಿಯ ಫೋನು ಹೊಡೆದುಕೊಂಡಿತು. ಹೆಸರು ನೋಡಿ ಎದೆ ಜಿಗಿಯಿತು: ತಿಪ್ಪಯ್ಯ!

ಗಬಕ್ಕನೆ ಎತ್ತಿ ಕಿವಿಗೆ ಒತ್ತಿಕೊಂಡ. "ಹೇಳೋ ತಿಪ್ಪ! ಹೇಳು!"

"ಲೇ ಮೂರ್ತಿ, ಬ್ಯಾಟರಿ ಹೋದಂಗೈತೆ. ಆ ಚಾರ್ಜರ್ ಒಂಚೂರು ಕೊಟ್ರಮ್ಮಂಗೆ ಕೊಟ್ಟು ಬಾರೋ. ಮಾತು ಅರ್ಧಕ್ಕೇ ನಿಂತೈತೆ."

ಮೂರ್ತಿ ಚಾರ್ಜರ್ ತೆಗೆದುಕೊಂಡು ಹೋಗಿ ಕೊಟ್ಟ. ಹೊಸ್ತಿಲ ಮೇಲೆ ಸ್ವಲ್ಪ ಹೊತ್ತು ನಿಂತ. ಪರದೆ ಬೆಳಗಿತು.

"ಹೋಗ್ತಾ ಬಾಗಿಲು ಎಳ್ಕೊಂಡು ಹೋಗಪ್ಪ, ಸೊಳ್ಳೆ ಬರ್ತಾವೆ" ಎಂದಳು ಕೊಟ್ರಮ್ಮ.