ಕೆರೆಯ ತಳದಲ್ಲಿರುವ ನನ್ನ ವಾಹನಕ್ಕೆ ವಿಮೆ ಕೇಳಿರುವ ಇಲಾಖೆಗೆ

ಮಾನ್ಯರೇ,

ರಾಜ್ಯ ವಾಹನ ಇಲಾಖೆಯ ಪರವಾನಗಿ ವಿಭಾಗದ ನಿರ್ದೇಶಕರಿಗೂ, ಅವರ ಸಹಾಯಕರಿಗೂ, ದೂರವಾಣಿಯಲ್ಲಿ ಒಂದೇ ರಾಗವನ್ನು ನುಡಿಸಿ ನನ್ನ ಬೇಸಗೆಯನ್ನು ಸಂಗೀತಮಯಗೊಳಿಸಿದ ಆ ಅನಾಮಧೇಯ ಯಂತ್ರಕ್ಕೂ ಸೋರ್ಲಿ ಊರಿನ ನಿವೃತ್ತ ಶಿಕ್ಷಕಿ ಆರ್ಡಿಸ್ ಟಾಲೆಫ್ಸನ್ ಮಾಡುವ ವಿನಯಪೂರ್ವಕ ವಂದನೆಗಳು. ಈ ಪತ್ರವನ್ನು ನಮ್ಮ ವಾರಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಿರುವುದಕ್ಕೆ ತಾವು ಬೇಸರಿಸಬಾರದು. ನೇರವಾಗಿ ಬರೆದ ಪತ್ರಗಳನ್ನು ತಾವು ಓದುತ್ತೀರೆಂಬುದಕ್ಕೆ ಪ್ರಮಾಣಪತ್ರ ಸಲ್ಲಿಸಲು ಈವರೆಗೆ ಯಾರೂ ಮುಂದೆ ಬಂದಿಲ್ಲ.

ಮೊದಲು ಕೃತಜ್ಞತೆ ಸಲ್ಲಿಸುತ್ತೇನೆ. ಮಕ್ಕಳ ಕೈಗೆ ಕೆಂಪು ಶಾಯಿ ಕೊಡುವುದನ್ನೇ ಮಹಾ ಸಾಹಸವೆಂದು ಭಾವಿಸಿ ಬಾಳಿದ ನನಗೆ ಈ ಇಳಿವಯಸ್ಸಿನಲ್ಲಿ ತಾವು 'ಅಧಿಕ ಅಪಾಯದ ಚಾಲಕಿ' ಎಂಬ ಬಿರುದನ್ನು ದಯಪಾಲಿಸಿದ್ದೀರಿ. ಅದು ತಿಳಿದಂದಿನಿಂದ ಅಂಚೆಯವನು ನನ್ನನ್ನು ಕಂಡರೆ ಟೋಪಿ ತೆಗೆಯುತ್ತಾನೆ.

ಅಪರಾಧವನ್ನು ನಾನು ಅಲ್ಲಗಳೆಯುವುದಿಲ್ಲ. ಮಾರ್ಚ್ ಕೊನೆಯಲ್ಲಿ ಪಾಮರ್ ಸುಂಡೆಯವರ ಅಂತ್ಯಕ್ರಿಯೆ ನಡೆಯಿತು. ಮಣ್ಣು ಮಾಡಿ ಬಂದವರಿಗೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ ಬಡಿಸುವುದು ನಮ್ಮ ಮಹಿಳಾ ಮಂಡಳಿಯ ಧರ್ಮ. ನನ್ನ ಪಾಲಿನ ಹಾಟ್‌ಡಿಶ್, ಎಂದರೆ ಆಲೂಗಡ್ಡೆ ಹೊದಿಸಿ ಬೇಯಿಸಿದ ಮಾಂಸದ ಪಾತ್ರೆ, ಮನೆಯ ಒಲೆಯಲ್ಲೇ ಉಳಿದಿರುವುದು ಕಡೆಯ ಪ್ರಾರ್ಥನೆಯ ನಡುವೆ ನೆನಪಾಯಿತು. ಚಳಿಗಾಲದಲ್ಲಿ ಗಾಡಿಯ ಎಂಜಿನ್ನನ್ನು ಚಾಲೂ ಇಟ್ಟು, ಕೀಲಿಯನ್ನು ಅದರಲ್ಲೇ ಬಿಟ್ಟು ಒಳಗೆ ಹೋಗುವುದು ನಮ್ಮಲ್ಲಿ ವಾಡಿಕೆ. ಬಿಳಿಯ ಪಿಕಪ್ ಗಾಡಿಯನ್ನೇ ಕೊಳ್ಳುವುದು ಅದಕ್ಕಿಂತಲೂ ಹಳೆಯ ವಾಡಿಕೆ. ಪ್ರಾರ್ಥನೆ ಮುಗಿದು ಶವಯಾತ್ರೆ ಹೊರಟ ಮೇಲೆ, ಹೊಗೆಯುಗುಳುತ್ತ ನಿಂತಿದ್ದ ಬಿಳಿಯ ಪಿಕಪ್‌ಗಳಲ್ಲಿ ಒಂದನ್ನು ನನ್ನದೆಂದೇ ತಿಳಿದು ಹತ್ತಿ ಹೊರಟೆ. ಸ್ಮಶಾನಕ್ಕೂ ನನ್ನ ಒಲೆಗೂ ಇರುವುದು ಒಂದೇ ರಸ್ತೆಯಾದ್ದರಿಂದ, ಮುಂದೆ ಸಾಗುತ್ತಿದ್ದ ಶವಯಾತ್ರೆಯನ್ನು, ಶವವಾಹನವೂ ಸೇರಿದಂತೆ, ಹಿಂದಿಕ್ಕಬೇಕಾಯಿತು. ಯಾತ್ರೆಗೆ ದಾರಿ ಬಿಡಿಸುತ್ತಿದ್ದ ಪೊಲೀಸನನ್ನೂ ಹಿಂದಿಕ್ಕಿದ್ದು ನನ್ನ ತಪ್ಪು.

ಆ ಪೊಲೀಸ್ ಲೈಲ್ ಬ್ರಾಟನ್, ನನ್ನ ಹಳೆಯ ವಿದ್ಯಾರ್ಥಿ. ಗಾಡಿ ನಿಲ್ಲಿಸಿ ಕಿಟಕಿಯ ಬಳಿ ಬಂದು, "ಟೀಚರ್, ಹೆಣಾನ ಓವರ್‌ಟೇಕ್ ಮಾಡೋರನ್ನ ಇದೇ ಮೊದಲ ಸಲ ನೋಡ್ತಿರೋದು," ಎಂದ.

"ಪಾಮರ್‌ಗೇನಪ್ಪ ಅವಸರ? ಸೀಯ್ತಾ ಇರೋದು ನನ್ನ ಪಾತ್ರೆ," ಎಂದೆ.

"ಅದೂ ಸರೀನೇ. ವಿಮೆ ಕಾಗದ ತೋರ್ಸಿ ಮತ್ತೆ."

ಕಾಗದಪತ್ರ ಇಡುವ ಗಾಡಿಯ ಪೆಟ್ಟಿಗೆ ತೆರೆದರೆ ಒಳಗಿದ್ದವು ಮೀನಿನ ಗಾಳಗಳು, ಅವಕ್ಕೆ ಸುತ್ತಿದ್ದ ಅವಧಿ ಮುಗಿದ ವಿಮೆಯ ಕಾಗದ. ಲೈಲ್ ಅದನ್ನು ತಿರುಗಿಸಿ ನೋಡಿ ಮೆಲ್ಲನೆ, "ಟೀಚರ್, ಇದು ನಿಮ್ ಗಾಡಿನೇ ಅಲ್ಲ. ಡೆಲ್ಮರ್‌ದು," ಎಂದ. ಹೀಗೆ ಅಜಾಗರೂಕ ಚಾಲನೆಯ ಜೊತೆಗೆ ವಿಮೆಯಿಲ್ಲದ ಗಾಡಿ ಓಡಿಸಿದ ಅಪರಾಧವೂ ಸೇರಿತು.

ಅದೇ ಹೊತ್ತಿಗೆ ಚರ್ಚಿನ ಹೊರಗೆ ಡೆಲ್ಮರ್ ಕ್ವಾಲೆ ಎಂಬ ಸದ್ಗೃಹಸ್ಥನು ತನ್ನ ಗಾಡಿ ಕಾಣದೆ, ಉಳಿದಿದ್ದ ಬಿಳಿಯ ಪಿಕಪ್ಪನ್ನು, ಎಂದರೆ ನನ್ನದನ್ನು, ಏರಿ ನೇರವಾಗಿ ಹೆಪ್ಪುಗಟ್ಟಿದ ಕೆರೆಯ ಮೇಲೆ, ತೂತು ಕೊರೆದು ಮೀನು ಹಿಡಿಯಲು, ಹೊರಟುಹೋದ. ಮಾರ್ಚ್ ಕೊನೆಯ ಮಂಜುಗಡ್ಡೆ ಮಾತಿಗೆ ನಿಲ್ಲುವಂಥದ್ದಲ್ಲ. ಡೆಲ್ಮರ್ ಮೊಣಕಾಲಿನವರೆಗೆ ಮಾತ್ರ ಒದ್ದೆಯಾಗಿ ದಡ ಸೇರಿದ. ಗಾಡಿ ಪೂರ್ತಿ ಒದ್ದೆಯಾಗಿ ತಳ ಸೇರಿತು. "ನಿಮ್ಮ ಹೀಟರ್ ಮಾತ್ರ ಚಿನ್ನದಂಥದ್ದು ಕಣ್ರೀ, ಟೀಚರಮ್ಮ. ಕೊನೇವರೆಗೂ ಬೆಚ್ಚಗಿತ್ತು," ಎಂದು ಅವನು ನನಗೆ ಸಾಂತ್ವನ ಹೇಳಿದ. ಎತ್ತುವ ಯಂತ್ರದವನು ಬಂದು, ಕೆರೆಯನ್ನು ಬಹಳ ಹೊತ್ತು ನೋಡಿ, ಹಗ್ಗ ಸಾಲದೆಂದು ನನ್ನ ಮನೆಯಲ್ಲಿ ಕಾಫಿ ಕುಡಿದು ಹೋದ.

ನ್ಯಾಯಾಲಯ ವಿಧಿಸಿದ ಪರವಾನಗಿ ಅಮಾನತ್ತಿನ ಅವಧಿಯನ್ನು ಗೊಣಗದೆ ಕಳೆದಿದ್ದೇನೆ. ಪರವಾನಗಿ ಮರಳಿ ಬೇಕಾದರೆ ಇನ್ನು ಮೂರು ವರ್ಷ ನನಗೆ ವಿಮೆ ಇದೆಯೆಂದು ವಿಮಾ ಕಂಪನಿಯೇ ತಮಗೆ ಪ್ರಮಾಣಪತ್ರ ಸಲ್ಲಿಸುತ್ತಿರಬೇಕು, ಒಂದು ದಿನ ತಪ್ಪಿದರೂ ಚಾಡಿ ಹೇಳಬೇಕು ಎಂಬ ನಿಯಮವನ್ನು ಮೆಚ್ಚಿದ್ದೇನೆ. ಇಂಥ ಅಚ್ಚುಕಟ್ಟಾದ ಚಾಡಿ ನನ್ನ ತರಗತಿಯಲ್ಲೂ ಇರಲಿಲ್ಲ. ಗಾಡಿಯಿಲ್ಲದವರೂ ಇತರರ ಗಾಡಿ ಓಡಿಸಬಹುದಾದ್ದರಿಂದ ಅವರಿಗೂ ಪ್ರತ್ಯೇಕ ವಿಮೆಯುಂಟೆಂದು ತಿಳಿದು, ಇಲ್ಲದ ಗಾಡಿಗೆ ಹಣ ಕಟ್ಟಿ, ಪ್ರಮಾಣಪತ್ರ ಕಳುಹಿಸಿಕೊಟ್ಟೆ. ತಾವು ಅದನ್ನು ಹಿಂದಿರುಗಿಸಿ, ತಮ್ಮ ದಾಖಲೆಯಂತೆ ನಾನಿನ್ನೂ ಒಂದು ಬಿಳಿಯ ಪಿಕಪ್ಪಿನ ಒಡತಿಯೆಂದೂ, ಅಲ್ಲವೆನ್ನುವುದಾದರೆ ಅದರ ಸಂಖ್ಯಾಫಲಕಗಳನ್ನು ಕಚೇರಿಗೆ ಒಪ್ಪಿಸಬೇಕೆಂದೂ ತಿಳಿಸಿದಿರಿ. ಫಲಕಗಳು ಗಾಡಿಗಂಟಿಕೊಂಡಿವೆ, ಗಾಡಿ ಕೆಸರಿಗಂಟಿಕೊಂಡಿದೆ. ಹಾಗಾದರೆ ಒಡತಿಯಾಗಿಯೇ ವಿಮೆ ಮಾಡಿಸುತ್ತೇನೆಂದರೆ, ನೀರಿನಡಿಯ ಗಾಡಿಗೆ ರಸ್ತೆಯ ವಿಮೆ ಕೊಡಲಾರೆವೆಂದು ಕಂಪನಿಯವರು ನಕ್ಕರು. ಅವರು ನಕ್ಕದ್ದು ನ್ಯಾಯವೇ.

ಇಷ್ಟೇ ಆಗಿದ್ದರೆ ನಾನು ಮನೆಯಲ್ಲಿ ಕುಳಿತು ತಮ್ಮ ಸುತ್ತೋಲೆಗಳ ವಾಕ್ಯರಚನೆಯನ್ನು ತಿದ್ದುತ್ತ ನೆಮ್ಮದಿಯಾಗಿರುತ್ತಿದ್ದೆ. ಆದರೆ ನನ್ನ ನೆರೆಯಾಕೆ ಮ್ಯೂರಿಯಲ್ ಓವರ್‌ಬಿಯ ಮೂತ್ರಪಿಂಡಗಳು ತಮ್ಮ ಇಲಾಖೆಯಷ್ಟೇ ನಿಧಾನ. ವಾರಕ್ಕೆ ಮೂರು ಸಲ ಅರವತ್ತು ಮೈಲಿ ದೂರದ ಆಸ್ಪತ್ರೆಯಲ್ಲಿ ಆಕೆಯ ರಕ್ತವನ್ನು ಯಂತ್ರ ಶುದ್ಧಿ ಮಾಡಬೇಕು. ಆಕೆಗೆ ಕಾರುಂಟು, ಕಣ್ಣು ಸಾಲದು. ನನಗೆ ಕಣ್ಣುಂಟು, ಕಾಗದ ಸಾಲದು. ಹೀಗಾಗಿ ಮಾರ್ಚಿನಿಂದ ನನ್ನ ಬದಲು ಆಕೆಯನ್ನು ಕರೆದೊಯ್ಯುತ್ತಿರುವವನು ಡೆಲ್ಮರ್. ಯಾರೂ ಕರೆಯದೆಯೇ ಬಂದ, ಒಂದು ಸಲವೂ ತಪ್ಪಿಸಿಲ್ಲ. ಆದರೆ ಮೀನಿನ ಅಳತೆ ತೋರಿಸಲು ಎರಡೂ ಕೈಗಳನ್ನು ಚಾಲನಾಚಕ್ರದಿಂದ ಎತ್ತುತ್ತಾನೆ, ಅವನ ಮೀನುಗಳೋ ಪ್ರತಿ ಮೈಲಿಗೂ ಬೆಳೆಯುತ್ತವೆ. ಕಳೆದ ವಾರ ಮ್ಯೂರಿಯಲ್ ನಮ್ಮ ಅಡುಗೆಮನೆಯಲ್ಲಿ ಕುಳಿತು, "ಸಾಕಾಯ್ತು ಕಣೇ, ಆರ್ಡಿಸ್. ಆಸ್ಪತ್ರೆ ಪಕ್ಕದಲ್ಲೇ ವೃದ್ಧಾಶ್ರಮ ಇದ್ಯಂತೆ, ರೂಮ್ ಹೇಳಿಟ್ಟಿದೀನಿ. ಒಂದನೇ ತಾರೀಕಿಗೆ ಹೋಗ್ತೀನಿ," ಎಂದಳು. ನಾನು ಆಕೆಯ ವ್ಯಾಕರಣ ತಿದ್ದಲಿಲ್ಲ.

ಆದ್ದರಿಂದ ಈ ಕೆಳಗಿನ ಕೋರಿಕೆಗಳನ್ನು ಪರಾಂಬರಿಸಬೇಕು. ಮುಳುಗು ಹಾಕಬಲ್ಲ ಅಧಿಕಾರಿಯೊಬ್ಬರನ್ನು ಕಳುಹಿಸಿಕೊಟ್ಟರೆ ಒಣ ಬಟ್ಟೆ, ಊಟ ನನ್ನವು. ಫಲಕ ಬಿಚ್ಚಲು ತಿರುಪುಳಿಯನ್ನೂ ಒದಗಿಸುತ್ತೇನೆ. ಅದಾಗದಿದ್ದರೆ ಆ ಗಾಡಿಯ ಒಡೆತನವನ್ನು ಅದರಲ್ಲಿ ಸಂಸಾರ ಹೂಡಿರುವ ಮೀನುಗಳ ಹೆಸರಿಗೆ ವರ್ಗಾಯಿಸಿ, ಪ್ರಮಾಣಪತ್ರವನ್ನು ಅವುಗಳಿಂದಲೇ ವಸೂಲು ಮಾಡಬಹುದು. ಅವು ಶವಯಾತ್ರೆಯನ್ನು ಹಿಂದಿಕ್ಕಿದ ದಾಖಲೆಯಿಲ್ಲ. ಅದೂ ಕಷ್ಟವಾದರೆ, ಲೈಲ್ ಬ್ರಾಟನ್ ದಡದಲ್ಲಿ ನಿಂತು ಬರೆದುಕೊಂಡ ವರದಿಯನ್ನು ಓದಿ, ಕೆರೆಗೆ ಬಿದ್ದ ಗಾಡಿ ರಸ್ತೆಯ ಮೇಲಿಲ್ಲವೆಂಬ ತೀರ್ಮಾನಕ್ಕೆ ಬರುವ ಧೈರ್ಯ ಮಾಡಬೇಕು. ನನಗೆ ವಿಧಿಸಿದ ಶಿಕ್ಷೆಯಲ್ಲಿ ಒಂದು ದಿನವನ್ನೂ ಕಡಿಮೆ ಮಾಡುವುದು ಬೇಡ. ತಪ್ಪು ಮಾಡಿದವಳು ನಾನು. ಊರು ಬಿಡುತ್ತಿರುವವಳು ಮ್ಯೂರಿಯಲ್. ಇದೊಂದನ್ನು ತಿದ್ದಿಕೊಡಿ.

ಪ್ರಮಾಣಪತ್ರವಿಲ್ಲದೆಯೂ ನಂಬಬಹುದಾದ
ತಮ್ಮ ವಿಶ್ವಾಸಿ,
ಆರ್ಡಿಸ್ ಟಾಲೆಫ್ಸನ್

ಮರೆತ ಮಾತು: ಈ ಪತ್ರವನ್ನು ನಾನು ಓದಿ ಹೇಳಿದ ಮೇಲೆ ಮ್ಯೂರಿಯಲ್ ಎದ್ದುಹೋಗಿ, ವೃದ್ಧಾಶ್ರಮಕ್ಕೆ ಫೋನ್ ಮಾಡಿ, ಕಾದಿರಿಸಿದ್ದ ಕೋಣೆಯನ್ನು ಬಿಟ್ಟುಕೊಟ್ಟಳು. "ನಿಂಗೆ ಲೈಸೆನ್ಸ್ ಬರೋವರೆಗೂ ಡೆಲ್ಮರ್ ಜೊತೇಲೇ ಹೋಗ್ತೀನಿ, ಬಿಡೇ. ಬದುಕಿದ್ರೆ ಆಮೇಲೆ ನಿನ್ನ ಜೊತೆ," ಎಂದಳು. ಹೀಗಾಗಿ ನಮ್ಮ ಊರಿನಲ್ಲಿ ಅತ್ಯಧಿಕ ಅಪಾಯದಲ್ಲಿರುವವಳು ಈಗ ನಾನಲ್ಲ, ಆಕೆ. ಆಕೆಯ ಪರವಾಗಿ ಯಾರು, ಯಾವ ಕಚೇರಿಗೆ ಪ್ರಮಾಣಪತ್ರ ಸಲ್ಲಿಸಬೇಕೆಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ. ಸೋಮವಾರ ಬೆಳಿಗ್ಗೆ ಆಕೆ ಮತ್ತೆ ಹೊರಡುತ್ತಾಳೆ. ಅಷ್ಟರೊಳಗೆ ತಿಳಿಸಿದರೆ ಇನ್ನೂ ಉಪಕಾರ.