ಸುಲ್ತಾನನ ಹಿಂಬಾಗಿಲು

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಸೀದುಹೋದ ಒಂದು ಪಾತ್ರೆ ಅನ್ನ.

ಶುಕ್ರವಾರ ಆಶುರಾ ಒಲೆಯ ಮೇಲೆ ತೆಂಗಿನಹಾಲಿನ ಅನ್ನ ಇಟ್ಟು, ಕಿಟಕಿಗೆ ಬಂದು ಎದುರುಮನೆಯ ಬಿ ರೆಹೆಮಾಳ ಜೊತೆ ಮಾತಿಗೆ ನಿಂತಳು. ಮಾತು ಮುಗಿಯುವ ಮೊದಲೇ ಅನ್ನದ ಕತೆ ಮುಗಿದಿತ್ತು. ಸೀದ ವಾಸನೆ ಓಣಿಯ ತಿರುವಿಗೆ ಮುಟ್ಟುವಷ್ಟರಲ್ಲಿ ಬಿ ರೆಹೆಮಾಳ ಬಾಯಿಂದ ಸುದ್ದಿ ಮೀನು ಮಾರುಕಟ್ಟೆಗೇ ಮುಟ್ಟಿತ್ತು. ಆಶುರಾ ಅಂದಿನಿಂದ ಕಿಟಕಿ ತೆರೆಯಲಿಲ್ಲ.

ಅವಳ ಗಂಡ ಮಕಾಮೆಗೆ ಆ ಸಪ್ಪೆ ಮುಖ ನೋಡಲಾಗಲಿಲ್ಲ. ಬಂದವರಿಗೆ ಜಂಜಿಬಾರಿನ ಹಳೆಯ ಊರು ಸುತ್ತಿಸಿ, ಸುಲ್ತಾನರ ಜಗಳದ ಕತೆ ಹೇಳಿ ಸಂಸಾರ ನಡೆಸುವ ಗೈಡು ಅವನು. ಅರಮನೆಯ ಹಗೆತನವನ್ನೆಲ್ಲ ನೀರು ಕುಡಿದಂತೆ ಹೇಳುತ್ತಿದ್ದವನಿಗೆ ಮನೆಯಲ್ಲಿ ಸಮಾಧಾನದ ಒಂದು ಮಾತು ಹೊರಡುತ್ತಿರಲಿಲ್ಲ. ಅದಕ್ಕೇ ಕೆಲಸ ಮುಗಿಸಿ ಬರುತ್ತಾ ಅವಳಿಗೆ ಉಡಲೊಂದು, ಹೊದೆಯಲೊಂದು ತುಂಡಿರುವ ಒಂದು ಜೋಡಿ ಕಂಗಾ ಬಟ್ಟೆ ಕೊಂಡ. ಅಂಗಡಿಯಲ್ಲಿ ಕರೆಂಟು ಹೋಗಿತ್ತು, ಕನ್ನಡಕ ಮನೆಯಲ್ಲಿತ್ತು. ಅರಿಶಿನ ಬಣ್ಣದ ಮೇಲೆ ಗೇರುಹಣ್ಣಿನ ಚಿತ್ತಾರ ಕಂಡಿತು, ಅಷ್ಟೇ ಸಾಕಾಯಿತು. ಬೆಳಗಾಗುವ ಮೊದಲೇ ಅದನ್ನು ಅವಳ ದಿಂಬಿನ ಪಕ್ಕ ಇಟ್ಟು, ಹೊಸ ಮದುಮಗನಂತೆ ನಾಚಿಕೊಂಡು ಹೊರಬಿದ್ದ.

ಕಂಗಾ ಕೊಳ್ಳುವವರು ಮೊದಲು ಅಂಚಿನಲ್ಲಿ ಅಚ್ಚಾದ ಮಾತು ಓದಬೇಕು, ಬಣ್ಣ ಆಮೇಲೆ ನೋಡಬೇಕು ಎಂಬುದು ಆ ಊರಿನ ಮಗುವಿಗೂ ಗೊತ್ತು. ಬಾಯಲ್ಲಿ ಆಡಲಾಗದ್ದನ್ನು ಅಲ್ಲಿಯ ಹೆಂಗಸರು ಆ ಬಟ್ಟೆಯಿಂದಲೇ ಆಡಿಸುತ್ತಾರೆ. ಗೊತ್ತಿದ್ದೂ ಮರೆತವನು ಮಕಾಮೆ ಒಬ್ಬನೇ.

ಆ ದಿನ ಅವನ ಹಿಂದೆ ನಡೆದವರು ಒಳನಾಡಿನ ದೊಡೋಮಾದಿಂದ ಬಂದ ನಿವೃತ್ತ ಶಿಕ್ಷಕಿಯರು. ಅವರಿಗೆಲ್ಲ ಮುಂದಾಳು ತುಮಾಯಿನಿ ಎಂಬ ಹೆಡ್‌ಮಿಸ್ಟ್ರೆಸ್ಸು. ಸುಲ್ತಾನರ ಗೋರಿಗಳ ಮುಂದೆ ನಿಂತು, ಸಿಂಹಾಸನಕ್ಕಾಗಿ ಅಣ್ಣನ ಮೇಲೆ ತಮ್ಮ ತಿರುಗಿಬಿದ್ದ ಕತೆಯನ್ನು ಮಕಾಮೆ ಒಳ್ಳೆಯ ಹದದಲ್ಲಿ ಹೇಳುತ್ತಿದ್ದ. ಹಾದಿಬದಿಯ ಕಲ್ಲುಜಗುಲಿಯ ಮೇಲೆ ಕಾಫಿ ಹೀರುತ್ತಿದ್ದ ಫಾಕಿ ಅಜ್ಜ ಕೈಬೀಸಿ ಕರೆದ.

"ಏನಯ್ಯಾ ಮಕಾಮೆ, ಹೆಂಡ್ತಿ ಮೇಲೆ ಇಷ್ಟೊಂದು ಸಿಟ್ಟಾ?"

"ಸಿಟ್ಯಾಕಜ್ಜ? ಹೊಸ ಕಂಗಾ ತಂದುಕೊಟ್ಟಿದ್ದೀನಲ್ಲ."

"ಅದನ್ನೇ ಹೇಳ್ತಿರೋದು. ಅದನ್ನುಟ್ಕೊಂಡು ಓಣಿಯಲ್ಲಿ ಆ ತುದಿಯಿಂದ ಈ ತುದಿಗೆ ಓಡಾಡ್ತಿದ್ದಾಳೆ. ಎಲ್ರೂ ಓದಿದ್ವಿ. 'ಬಾಯಿ ಮುಚ್ಚು, ಒಲೆ ಮೇಲೆ ನಿನ್ನ ಅನ್ನ ಸೀಯ್ತಿದೆ.' ಸೀದ ಅನ್ನ ಆರೋಕೆ ಮುಂಚೆ ಯಾರಾದ್ರೂ ಹೀಗೆ ಬರೆಸಿ ಕೊಡ್ತಾರೇನೋ?"

ಮಕಾಮೆಯ ಮುಖ ಹಿಂಡಿದ ನಿಂಬೆಹೋಳಿನಂತಾಯಿತು. ಮದುವೆಯ ಹೊಸತರಲ್ಲಿ ಸಾರಿಗೆ ಉಪ್ಪು ಕಡಿಮೆ ಎಂದಿದ್ದಕ್ಕೆ ಆಶುರಾ ಹಡಗು ಹತ್ತಿ ಪೆಂಬಾ ದ್ವೀಪದ ತವರಿಗೆ ಹೋಗಿಬಿಟ್ಟಿದ್ದಳು. ಇಡೀ ರಂಜಾನಿನ ಉಪವಾಸವನ್ನು ಆಗ ಅವನು ಒಣ ಬ್ರೆಡ್ಡಿನಲ್ಲಿ ಬಿಟ್ಟಿದ್ದ. ಬ್ರೆಡ್ಡಿನದು ಹೇಗೋ ನಡೆದಿತ್ತು. ಬಾಗಿಲು ತೆರೆದರೆ ಯಾರೂ ಇಲ್ಲದ ಆ ಮನೆಯೇ ಅವನಿಗೆ ಗಂಟಲಲ್ಲಿ ಇಳಿದಿರಲಿಲ್ಲ.

ಅಲ್ಲಿಂದ ಇತಿಹಾಸ ಕಾಲುಜಾರಿತು. ಪರದೇಶದ ವರ್ತಕನನ್ನು ಪ್ರೀತಿಸಿ, ಗುಟ್ಟಾಗಿ ಹಡಗು ಹತ್ತಿ ಹೋದ ರಾಜಕುಮಾರಿಯ ಕತೆಗೆ ಬಂದಾಗ, "ಪಾಪ, ಅನ್ನ ಸೀದದ್ದೇ ನೆಪ, ತವರಿಗೆ ಹೋಗೇಬಿಟ್ಟಳು" ಎಂದ. ಶಿಕ್ಷಕಿಯರು ಮುಖಮುಖ ನೋಡಿಕೊಂಡರು. ಎದುರು ಬಂದ ಕಾಫಿ ಮಾರುವವನು, ಕಂಗಾ ಜೋಡಿಯ ಇನ್ನೊಂದು ತುಂಡು ಆಶುರಾಳ ಕಿಟಕಿಯಿಂದ ಬಾವುಟದಂತೆ ಹಾರುತ್ತಿದೆ ಎಂದು ತಿಳಿಸಿಹೋದ.

ಅರಮನೆಯ ಮುಂದೆ ನಿಂತು ಮಕಾಮೆ ಹೇಗೋ ಕತೆ ಮುಂದುವರಿಸಿದ. ಜಗತ್ತಿನಲ್ಲೇ ಅತಿ ಚಿಕ್ಕ ಯುದ್ಧ ನಡೆದದ್ದು ಇಲ್ಲೇ. ಆಂಗ್ಲರ ಹಡಗುಗಳು ಗುಂಡು ಹಾರಿಸತೊಡಗಿ ಒಂದು ಗಂಟೆ ತುಂಬುವ ಮೊದಲೇ ಎಲ್ಲ ಮುಗಿದಿತ್ತು.

"ಸುಲ್ತಾನ ಏನಾದ?" ಎಂದು ತುಮಾಯಿನಿ ಕೇಳಿದಳು.

"ಹಿಂಬಾಗಿಲಿಂದ ಓಡಿಹೋದ ಅಂತಾರೆ ಮೇಡಂ. ಪುಣ್ಯವಂತ."

ಆಗಲೇ ಮೀನಿನ ಬುಟ್ಟಿ ಹೊತ್ತ ಪರಿಚಯದವಳೊಬ್ಬಳು ಹಾಯುತ್ತಾ, ಆಶುರಾ ಚೀಲ ಹಿಡಿದು ಬಂದರಿನ ಕಡೆ ಹೋದದ್ದನ್ನು ಕಂಡೆ ಎಂದಳು. ಪೆಂಬಾದ ಹಡಗು ಹೊರಡುವುದೂ ಅದೇ ಬಂದರಿನಿಂದ. ಮಕಾಮೆ ಅರಮನೆಯ ಮೆಟ್ಟಿಲ ಮೇಲೆ ಕೂತುಬಿಟ್ಟ.

ಹೆಡ್‌ಮಿಸ್ಟ್ರೆಸ್ಸು ಅವನಿಗೆ ನೀರು ಕುಡಿಸಿ ಎಲ್ಲವನ್ನೂ ಬಾಯಿಬಿಡಿಸಿದಳು. ಕೇಳಿದ್ದೇ ತಡ, ಶಿಕ್ಷಕಿಯರಿಗೆ ಸುಲ್ತಾನರೆಲ್ಲ ಬೇಡವಾದರು. ಕಂಗಾ ಮಾಡಿದ ಗಾಯಕ್ಕೆ ಕಂಗಾವೇ ಮದ್ದು ಎಂದು ತೀರ್ಮಾನವಾಯಿತು. ಗೈಡನ್ನು ನಡುವೆ ಹಾಕಿಕೊಂಡು ಅವರೇ ಅವನನ್ನು ಬಟ್ಟೆ ಅಂಗಡಿಗೆ ನಡೆಸಿದರು.

ಅಂಗಡಿಯಲ್ಲಿ ತುಮಾಯಿನಿ ಒಂದೊಂದೇ ಕಂಗಾ ಬಿಡಿಸಿ ಉತ್ತರಪತ್ರಿಕೆ ತಿದ್ದುವವಳಂತೆ ಓದಿದಳು. ಒಂದರಲ್ಲಿ ಪಶ್ಚಾತ್ತಾಪ ಸಾಲದು, ಇನ್ನೊಂದರಲ್ಲಿ ಪ್ರೀತಿಗಿಂತ ಬಡಾಯಿ ಹೆಚ್ಚು. ಮಕಾಮೆಯ ಕೈ ಮೆಲ್ಲನೆ ನೀಲಿ ಹೂವಿನದೊಂದರ ಕಡೆ ಚಾಚಿತು.

"ಬಣ್ಣ ನೋಡಿಯೇ ತಾನೆ ಕೆಟ್ಟದ್ದು ಗೈಡ್ ಸಾಹೇಬ್ರೇ? ಈ ಕೆಂಪಂಚಿಂದು ತಗೊಳ್ಳಿ. ಓದಿ, ಎಲ್ರಿಗೂ ಕೇಳೋ ಹಾಗೆ."

ಆಕೆ ತನ್ನದೇ ಕನ್ನಡಕವನ್ನು ಅವನ ಮೂಗಿಗೇರಿಸಿದಳು. ಮಕಾಮೆ ನೆಟ್ಟಗೆ ನಿಂತು ಓದಿದ. "ತಪ್ಪೆಲ್ಲ ನನ್ನದು, ಕ್ಷಮಿಸುವ ಮನಸ್ಸು ನಿನ್ನದಾಗಲಿ." ಇಬ್ಬರು ಶಿಕ್ಷಕಿಯರು ಕಣ್ಣೊರೆಸಿಕೊಂಡರು.

ಬಂದರಿಗೆ ಓಡೋಣವೆಂದರೆ ಹಡಗು ಆಗಲೇ ಹೊರಟು ಕಡಲಲ್ಲಿ ಚುಕ್ಕೆಯಾಗಿತ್ತು. ಖಾಲಿ ಮನೆಯನ್ನಾದರೂ ನೋಡೋಣವೆಂದು ಮಕಾಮೆ ಓಣಿಯ ಕಡೆ ಕಾಲೆಳೆದ. ಅಲ್ಲಿಯ ಗತಿ ಏನೆಂದು ತಿಳಿಯದೆ ಶಿಕ್ಷಕಿಯರು ಊಟಕ್ಕೆ ಹೋಗಲು ಒಪ್ಪಲಿಲ್ಲ. ದಾರಿಯಲ್ಲಿ ಫಾಕಿ ಅಜ್ಜನೂ ಕೋಲೂರಿಕೊಂಡು ಸೇರಿಕೊಂಡ.

ಓಣಿಯ ತಿರುವಿನಲ್ಲೇ ತೆಂಗಿನಹಾಲಿನಲ್ಲಿ ಬೇಯುವ ಆಕ್ಟೋಪಸ್ಸಿನ ಘಮ ಬಂತು. ಅದು ಮಕಾಮೆಗೆ ಹಬ್ಬಕ್ಕೆ ಮಾತ್ರ ಸಿಗುತ್ತಿದ್ದ ಅಡುಗೆ. ಹಿತ್ತಾಳೆ ಮೊಳೆಗಳ ಬಾಗಿಲಲ್ಲಿ ಆಶುರಾ ನಿಂತಿದ್ದಳು. ಮೈಮೇಲೆ ಅರಿಶಿನ ಬಣ್ಣದ ಕಂಗಾ, ಮುಡಿಯಲ್ಲಿ ಮಲ್ಲಿಗೆ. ಬಂದರಿನ ಪಕ್ಕದ ಮಾರುಕಟ್ಟೆಯಿಂದ ತಂದ ಮೀನಿನ ಚೀಲ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು.

ಅವಳೇ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು.

"ಇಷ್ಟು ವರ್ಷದಲ್ಲಿ ನೀವು ನನ್ನ ಪರವಾಗಿ ಒಂದು ಮಾತಾಡಿದ್ದಿಲ್ಲ. ಇವತ್ತು ಆ ಬಿ ರೆಹೆಮಾ ಬಾಯಿಗೆ ಎಂಥ ಬೀಗ ಹಾಕಿದ್ರಿ. ಅವಳ ಬಾಗಿಲ ಮುಂದೆ ಓಡಾಡಿ ಓಡಾಡಿ ನನ್ನ ಕಾಲೇ ನೋಯ್ತಿದೆ. ನನ್ನ ಮನಸ್ಸಲ್ಲಿರೋದು ನಿಮಗೆ ಹೇಗೆ ಗೊತ್ತಾಯ್ತು?"

ಎದುರುಮನೆಯ ಕಿಟಕಿ ಭದ್ರವಾಗಿ ಮುಚ್ಚಿತ್ತು. ಮಕಾಮೆ ಅದನ್ನು ನೋಡಿದ, ಹೆಂಡತಿಯ ಹೊಳೆಯುವ ಕಣ್ಣು ನೋಡಿದ. ಅವನ ಎದೆಯಲ್ಲಿ ಏನೋ ಬೆಣ್ಣೆಯಂತೆ ಕರಗಿತು. ಕೈಯಲ್ಲಿದ್ದ ಪೊಟ್ಟಣವನ್ನು ಮೆಲ್ಲನೆ ಬೆನ್ನ ಹಿಂದೆ ಸರಿಸಿದ.

ಬೆನ್ನ ಹಿಂದೆ ತುಮಾಯಿನಿ ಇದ್ದಳು. ಆಶುರಾ ಪಿಸುಗುಟ್ಟಿದ್ದು ಆಕೆಗೆ ಕೇಳಿಸಿರಲಿಲ್ಲ. ಗಂಡಸು ಕೊನೆಗಳಿಗೆಯಲ್ಲಿ ಹಿಂಜರಿಯುತ್ತಿದ್ದಾನೆ ಎಂದುಕೊಂಡು, ಪೊಟ್ಟಣ ಬಿಡಿಸಿ ಕೆಂಪಂಚಿನ ಕಂಗಾವನ್ನು ಆಶುರಾಳ ಹೆಗಲಿಗೆ ತಾನೇ ಹೊದಿಸಿದಳು.

"ತಗೊಳ್ಳಮ್ಮ. ಬೆಳಗಿಂದ ಅಳೋದೊಂದು ಬಾಕಿ ನಿನ್ನ ಗಂಡ."

ಆಶುರಾ ಸೆರಗಿನಂತೆ ಇಳಿಬಿದ್ದ ಅಂಚನ್ನು ಎತ್ತಿ ಓದಿದಳು. ಇನ್ನೊಮ್ಮೆ ಓದಿದಳು. ನಗು ಸಣ್ಣಗಾಯಿತು.

"ಯಾವ ತಪ್ಪು?" ಎಂದಳು.

ಮಕಾಮೆ ಮನಸ್ಸಿನಲ್ಲೇ ಲೆಕ್ಕ ಹಾಕಿದ. ನಿಜ ಹೇಳಿದರೆ, ಇಷ್ಟು ವರ್ಷದಲ್ಲಿ ಅವಳ ಪರವಾಗಿ ಅವನಾಡಿದ ಒಂದೇ ಒಂದು ಮಾತೂ ಸುಳ್ಳಾಗುತ್ತಿತ್ತು. ಹೇಳದಿದ್ದರೆ ಮಾಡದ ತಪ್ಪೊಂದನ್ನು ಈಗಿಂದೀಗ ಹುಡುಕಬೇಕಿತ್ತು. ಹಿಂದೆ ಶಿಕ್ಷಕಿಯರೂ ಫಾಕಿ ಅಜ್ಜನೂ ಓಣಿ ತುಂಬ ನಿಂತಿದ್ದರು. ಎದುರುಮನೆಯ ಕಿಟಕಿ ಸದ್ದಿಲ್ಲದೆ ಬೆರಳಷ್ಟು ತೆರೆಯಿತು.

"ಕೇಳಿದ್ದು ನಿಮ್ಮನ್ನೇ. ಯಾವ ತಪ್ಪು?"

ಆ ಸುಲ್ತಾನನಿಗೆ ಹಿಂಬಾಗಿಲಾದರೂ ಇತ್ತು. ಮಕಾಮೆಯ ಮನೆಗೆ ಇದ್ದದ್ದು ಒಂದೇ ಬಾಗಿಲು. ಅದರಲ್ಲಿ ಆಶುರಾ ನಿಂತಿದ್ದಳು.