ಭಾವನ ಬುಟ್ಟಿ ಲಿಫ್ಟು

2025ರ ಜುಲೈ 6, ಭಾನುವಾರ. ಬೆಳಿಗ್ಗೆ ಹತ್ತರ ಸುಮಾರಿಗೆ ಕೊಲ್ಕತ್ತದ ಲೇಕ್ ಗಾರ್ಡನ್ಸಿನ ಹಳೆಯ ಕಟ್ಟಡವೊಂದರಲ್ಲಿ ಒಂದು ಇಲಿಶ್ ಮೀನು, ಯಾರೂ ಎತ್ತದೆ, ಯಾರೂ ಕರೆಯದೆ, ಮೂರನೇ ಮಹಡಿಗೆ ಏರಿ ಬಂತು. ಬಂದು ನಿಂತದ್ದು ಉಡುಪಿ ಕಡೆಯ ಶುದ್ಧ ಸಸ್ಯಾಹಾರಿಗಳ ಬಾಲ್ಕನಿಯಲ್ಲಿ. ಅಂದು ಪ್ರಥಮೈಕಾದಶಿ. ಮನೆಯವರು ಉಪವಾಸವಿದ್ದರು.

ಇಷ್ಟು ಖಚಿತ. ಇದಕ್ಕೆ ಕಾರಣ ನನ್ನ ಭಾವ ಎಂಬುದೂ ಖಚಿತ. ಆದರೆ ಅವರು ಇವತ್ತಿಗೂ ಕಾರಣ ತಾವಲ್ಲ, ಸೆಣಬು ಎನ್ನುತ್ತಾರೆ. ನಾನು ಇಲ್ಲಿನ ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಕೆಲಸ ಮಾಡುವವನು. ಎರಡೂ ಕಡೆಯ ಹೇಳಿಕೆ ಇಲ್ಲದೆ ಬರೆದು ಅಭ್ಯಾಸವಿಲ್ಲ. ಸೆಣಬಿನ ಹೇಳಿಕೆ ಸಿಕ್ಕಿಲ್ಲ. ಉಳಿದವರದು ಇದೆ.

ಭಾವ ಎಂದರೆ ಅಕ್ಕನ ಗಂಡ. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ನಮ್ಮ ಕಡೆಯವರು ಬ್ಯಾಂಕಿನಿಂದ ನಿವೃತ್ತರಾದರೆ ಭಜನಾ ಮಂಡಳಿ ಸೇರುತ್ತಾರೆ, ಇಲ್ಲವೇ ಷೇರುಪೇಟೆಗೆ ಬೀಳುತ್ತಾರೆ. ಭಾವ ಸಂಶೋಧನೆಗೆ ಇಳಿದರು! ಅವರ ಮನೆಯಿಂದ ಯಾವ ವಸ್ತುವೂ ಕೆಟ್ಟಿತೆಂಬ ಕಾರಣಕ್ಕೆ ಹೊರಗೆ ಹೋಗುವಂತಿಲ್ಲ. ಕೆಟ್ಟ ಮೇಲೆಯೇ ಅದರ ನಿಜವಾದ ಬಾಳು ಶುರು.

"ಅಂಗಡಿಯಿಂದ ತಂದದ್ದು ಖರೀದಿ ಮಾರಾಯ. ಇದ್ದದ್ದರಲ್ಲಿ ಮಾಡಿದ್ದು ಸಂಶೋಧನೆ. ನಮ್ಮಂಥ ದೇಶಕ್ಕೆ ಬೇಕಾದ್ದು ಎರಡನೆಯದ್ದು," ಎನ್ನುತ್ತಾರೆ.

ದೇಶದ ಪರವಾಗಿ ಇದನ್ನೆಲ್ಲ ಅನುಭವಿಸುವವಳು ಅಕ್ಕ.

ಮೊದಲು ಬಂದದ್ದು ಕರೆಂಟು ಬೇಡದ ಏರ್ ಕೂಲರ್. ಚಹಾ ಕುಡಿದು ಎಸೆಯುವ ಮಣ್ಣಿನ ಕುಡಿಕೆಗಳನ್ನು ಗರಿಯಾಹಾಟಿನ ಅಂಗಡಿಗಳಿಂದ ಚೀಲಗಟ್ಟಲೆ ಹೊತ್ತು ತಂದರು. ತಳ ತೂತು ಮಾಡಿ, ಕಿಟಕಿಯ ಚೌಕಟ್ಟಿಗೆ ಜೇನುಗೂಡಿನಂತೆ ಜೋಡಿಸಿ, ಮೇಲಿನಿಂದ ನೀರು ತೊಟ್ಟಿಕ್ಕುವಂತೆ ಮಾಡಿದರು. ಗಾಳಿ ಒದ್ದೆ ಮಣ್ಣಿನೊಳಗಿಂದ ಹಾದು ತಂಪಾಗಬೇಕು. ತತ್ವ ಸರಿಯೇ. ರಾಜಸ್ಥಾನದಲ್ಲಾಗಿದ್ದರೆ ಜನ ಕಾಲಿಗೆ ಬೀಳುತ್ತಿದ್ದರು! ಆದರೆ ಕೊಲ್ಕತ್ತದಲ್ಲಿ ಮೇ ತಿಂಗಳ ಗಾಳಿಯೇ ಹಿಂಡದ ಬಟ್ಟೆಯ ಹಾಗಿರುತ್ತದೆ. ಅದಕ್ಕೆ ಮತ್ತೆ ನೀರು ಕುಡಿಸಿದರೆ? ವಾರದೊಳಗೆ ಡಬ್ಬಿಯ ಹಪ್ಪಳ ಚಪಾತಿಯಾಯಿತು. ಗೋಡೆಗೆ ಪಾಚಿ ಬಂತು.

"ಇನ್ನು ಗದ್ದೆ ಮಾಡಿ ನೇಜಿ ನೆಡಬಹುದು ಇಲ್ಲಿ," ಎಂದಳು ಅಕ್ಕ.

"ಕೂಲರಿನಲ್ಲಿ ದೋಷ ಇಲ್ಲ. ಊರಿನಲ್ಲಿ ಉಂಟು," ಎಂದರು ಭಾವ.

ಇದನ್ನು ಗಮನಿಸಬೇಕು. ಭಾವನ ಯಂತ್ರ ಸೋತದ್ದು ಎಂಬುದಿಲ್ಲ. ಸೋಲುವುದು ಹವೆ, ಕರೆಂಟು, ಕೆಲವೊಮ್ಮೆ ಗುರುತ್ವಾಕರ್ಷಣೆ.

ಆಮೇಲೆ ಕುಕ್ಕರಿನ ಕೂಗು ಎಣಿಸುವ ಯಂತ್ರ. ಪರದೆ ಒಡೆದ ಮೊಬೈಲೊಂದನ್ನು ಒಲೆಯ ಪಕ್ಕ ನಿಲ್ಲಿಸಿ, ಮೂರು ಕೂಗು ಕೇಳಿದೊಡನೆ ಗಂಟೆ ಬಾರಿಸುವ ಹಾಗೆ ಮಾಡಿದ್ದರು. ಮನೆ ಇರುವುದು ರೈಲು ನಿಲ್ದಾಣದ ಪಕ್ಕ. ಲೋಕಲ್ ರೈಲು ಕೂಗಿದ್ದೂ ಲೆಕ್ಕಕ್ಕೆ ಸೇರಿತು. ಒಲೆ ಹಚ್ಚುವ ಮೊದಲೇ ಅನ್ನ ಆಯಿತೆಂದು ಗಂಟೆ ಬಾರಿಸಿದ ಏಕೈಕ ಯಂತ್ರ ಅದು.

"ರೈಲು ತಡವಾದ ದಿನ ಮಾತ್ರ ನಮ್ಮ ಮನೆ ಬೇಳೆ ಬೇಯ್ತದೆ," ಎಂದು ಅಕ್ಕ ಫೋನಿನಲ್ಲಿ ಹೇಳಿದ್ದಳು.

ಇಷ್ಟರಲ್ಲಿ ಅಕ್ಕನ ಮೊಣಕಾಲು ಕೈಕೊಟ್ಟಿತು. ಕಟ್ಟಡಕ್ಕೆ ಲಿಫ್ಟ್ ಇಲ್ಲ. ಡಾಕ್ಟರು ಮೆಟ್ಟಿಲು ಹತ್ತಿಳಿಯುವುದೇ ಬೇಡ ಎಂದುಬಿಟ್ಟರು. ಗರಿಯಾಹಾಟಿನ ಸೀರೆ ಅಂಗಡಿ, ಕೆರೆಯ ದಂಡೆಯ ವಾಕಿಂಗು, ಪೂಜೆಯ ಪೆಂಡಾಲು ಎಲ್ಲ ಒಂದೇ ದಿನ ನಿಂತುಹೋದವು. ಉಳಿದದ್ದು ಬಾಲ್ಕನಿ, ಹಗ್ಗ, ಹಗ್ಗದ ತುದಿಯ ಬುಟ್ಟಿ. ಇಲ್ಲಿ ಮಹಡಿ ಮನೆಗಳವರು ಬುಟ್ಟಿ ಇಳಿಬಿಟ್ಟು ತರಕಾರಿ ಎಳೆದುಕೊಳ್ಳುವುದು ಮಾಮೂಲು. ಅಕ್ಕ ಬಾಳೆದಿಂಡು ಎಳೆಯುತ್ತ ಎಳೆಯುತ್ತ ಭುಜವನ್ನೂ ನೋಯಿಸಿಕೊಂಡಳು.

ಭಾವ ಎದ್ದರು. ಪಾರ್ಕ್ ಸ್ಟ್ರೀಟಿನ ಆಚೆ, ಹಳೆ ಕಾರು ಕಳಚಿ ಮಾರುವ ಬಜಾರಿನಿಂದ ವೈಪರಿನ ಮೋಟಾರು ಬಂತು. ಸೈಕಲ್ಲಿನ ರಿಮ್ ರಾಟೆಯಾಯಿತು. ಸ್ಕೂಟರಿನ ಹಳೆ ಬ್ಯಾಟರಿ, ಕೆಳಗಡೆ ಕರೆಗಂಟೆಯ ಸ್ವಿಚ್ಚು. ಹಗ್ಗಕ್ಕೆ ಬಂಗಾಳದ ಸೆಣಬೇ ಆಗಬೇಕೆಂದರು, ಇಲ್ಲಿನ ಅನ್ನ ತಿನ್ನುತ್ತೇವಲ್ಲ! ರಾಟೆ ಎಷ್ಟು ಸುತ್ತು ಸುತ್ತಿತು ಎಂಬುದರ ಮೇಲೆ ಬುಟ್ಟಿ ಯಾವ ಮಹಡಿಯಲ್ಲಿ ನಿಲ್ಲಬೇಕೆಂದು ತೀರ್ಮಾನ. ತಮ್ಮೊಬ್ಬರಿಗೇ ಏಕೆ ಎಂದು ಎಲ್ಲ ಮಹಡಿಗಳಿಗೂ ಸೌಲಭ್ಯ ವಿಸ್ತರಿಸಿದರು.

ಮಳೆ ಹಿಡಿಯಿತು. ಸೆಣಬು ನೀರು ಕುಡಿದು ಊದಿಕೊಂಡಿತು. ದಪ್ಪಗಾದ ಹಗ್ಗ ರಾಟೆಯ ಮೇಲೆ ಸುತ್ತಿದರೆ ಪ್ರತಿ ಸುತ್ತಿಗೂ ಬುಟ್ಟಿ ಹೆಚ್ಚು ಏರುತ್ತದೆ. ಹೀಗಾಗಿ ಎರಡನೇ ಮಹಡಿಯ ಬಂಗಾಳಿ ಹಿರಿಯಾಕೆ ಮಾಶಿಮಾಗೆ ಹೊರಟ ಇಲಿಶ್ ಮೂರನೇ ಮಹಡಿಯಲ್ಲಿ, ತುಳಸಿ ಕುಂಡದ ಪಕ್ಕ ಬಂದು ಇಳಿಯಿತು.

ಮಾಶಿಮಾ ಕೆಳಗಿನ ಬಾಲ್ಕನಿಯಿಂದ ಕತ್ತು ಹೊರಳಿಸಿ ಅಕ್ಕನನ್ನು ಕೂಗಿದರು: "ಬೌದಿ, ಉಪವಾಸ ಅಂತ ಗೊತ್ತಾಗಿ ತಾನೇ ನಡೆದು ಬಂದಿದೆ. ಹಿಂದೆ ಕಳಿಸಬೇಡಿ, ಬೇಜಾರು ಮಾಡಿಕೊಳ್ಳುತ್ತದೆ!"

ಅಕ್ಕ ಮೂಗಿಗೆ ಸೆರಗು ಹಿಡಿದು, ನಗು ತಡೆಯಲಾರದೆ, "ಇದನ್ನು ಇಳಿಸ್ತೀರಾ, ಇಲ್ಲ ನಾನೇ ಇಳೀಬೇಕಾ?" ಎಂದಳು.

"ಸೆಣಬು ಹೀಗೆ ಮಾಡ್ತದೆ ಅಂತ ಯಾರಿಗೆ ಗೊತ್ತು?" ಎಂದರು ಭಾವ.

ಮೀನು ಇಳಿಯಿತು. ಬುಟ್ಟಿಗೆ ಅರಿಶಿನ ನೀರಿನ ಸ್ನಾನವಾಯಿತು. ಸೆಣಬಿನ ಜಾಗಕ್ಕೆ ನೈಲಾನ್ ಬಂತು. ಭಾವ ಹಟಕ್ಕೆ ಬಿದ್ದು ಲಿಫ್ಟನ್ನು ಪರಿಪೂರ್ಣ ಮಾಡಿದರು. ಲೋಕಲ್ ರೈಲಿನಲ್ಲಿ ತರಕಾರಿ ತಂದು ಮಾರುವ ಹೆಂಗಸು ಎಲ್ಲರ ಬಾಯಲ್ಲಿ ಬರೀ ಮಾಶಿ; ಅವಳಿಗೆ ಹಿಂದಿನ ದಿನವೇ ಫೋನಿನಲ್ಲಿ ಸಂದೇಶ. ಬೆಳಿಗ್ಗೆ ಅವಳು ಬುಟ್ಟಿಗೆ ಹಾಕಿ ಸ್ವಿಚ್ಚು ಒತ್ತಿದರೆ ಮುಗಿಯಿತು. ಬುಟ್ಟಿ ಸರ್ರನೆ ಏರಿ, ಬಾಲ್ಕನಿಯ ಕಟ್ಟೆ ದಾಟಿ, ಅಡುಗೆಮನೆಯ ಕಿಟಕಿಗೇ ಬಂದು ನಿಲ್ಲುತ್ತದೆ.

"ನಿನ್ನ ಅಕ್ಕ ಏಳುವುದೇ ಬೇಡ ಮಾರಾಯ! ನೋಡು!" ಎಂದು ನನಗೆ ತೋರಿಸಿದರು. ನಿಜಕ್ಕೂ ಚೆನ್ನಾಗಿತ್ತು. ಅವರ ಒಂದು ಯಂತ್ರ ಹೇಳಿದ ಕೆಲಸ ಮಾಡಿದ್ದು ಅದೇ ಮೊದಲು.

ಅಕ್ಕ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದಳು. ಭಾವನ ಯಂತ್ರದ ಬಗ್ಗೆ ಅಕ್ಕ ಏನೂ ಹೇಳಲಿಲ್ಲ ಎಂದರೆ ಅದು ಸುದ್ದಿ. ಮುಂದಿನ ವಾರಗಳಲ್ಲಿ ಅವಳು ಫೋನಿನಲ್ಲೂ ಹಾಂ, ಹೂಂ ಎನ್ನತೊಡಗಿದಳು. ಒಂದು ಭಾನುವಾರ ಭಾವ ಸ್ನಾನಕ್ಕೆ ಹೋದಾಗ ಕೇಳಿದೆ.

"ಎಂತ ಹೇಳುದು? ಹೇಳ್ಲಿಕ್ಕೆ ಜನ ಬೇಡವಾ?" ಎಂದಳು. "ಮೊದಲೆಲ್ಲ ಮಾಶಿ ಕೆಳಗಿನಿಂದ ಕೂಗ್ತಿದ್ದಳು. ಬಾಳೆದಿಂಡಿಗೆ ಅವಳು ಸೀಗಡಿ ಹಾಕ್ತಾಳಂತೆ, ನಾನು ತೆಂಗಿನಕಾಯಿ ಹಾಕ್ತೇನೆ. ಆ ಜಗಳವೇ ಅರ್ಧ ಗಂಟೆ. ಮಾಶಿಮಾ ನಡುವೆ ಬಾಯಿ ಹಾಕ್ತಿದ್ದರು. ಈಗ ಸ್ವಿಚ್ಚು ಒತ್ತಿ ಹೋಗ್ತಾಳೆ. ಮೊನ್ನೆ ಅವಳ ಮಗಳಿಗೆ ಹೆರಿಗೆ ಆಯ್ತಂತೆ. ನನಗೆ ಗೊತ್ತಾದ್ದು ಒಂದು ವಾರ ಕಳೆದು."

"ಭಾವನಿಗೆ ಹೇಳಬಾರದಾ?"

"ಹೇಗೆ ಹೇಳುದು ಮಾರಾಯ? ಜೀವಮಾನದಲ್ಲಿ ಒಂದು ಸರಿಯಾಗಿದೆ ಅವರಿಗೆ. ಅದೂ ನನಗೋಸ್ಕರ ಮಾಡಿದ್ದು."

ಅದಾದ ಸ್ವಲ್ಪ ದಿನಕ್ಕೆ ಲಿಫ್ಟು ನಿಂತಿತು. ಭಾವ ಮೋಟಾರು ಬಿಚ್ಚಿದರು, ಕಟ್ಟಿದರು. ಬ್ಯಾಟರಿ ಬದಲಿಸಿದರು. ವಯರುಗಳನ್ನು ನಡುಮನೆಯಲ್ಲೆಲ್ಲ ಹರಡಿಕೊಂಡು ಕೂತರು.

"ಫ್ಯೂಸ್ ನೋಡಿದಿರಾ ಭಾವ?" ಎಂದೆ.

"ಫ್ಯೂಸ್ ನೋಡುವುದು ಎಲೆಕ್ಟ್ರಿಷಿಯನ್‌ಗಳು. ನಾನು ಮೂಲ ಕಾರಣ ಹುಡುಕ್ತಾ ಇದ್ದೇನೆ," ಎಂದು ನನ್ನನ್ನು ಸುಮ್ಮನಾಗಿಸಿ, ರಾಟೆಯ ಬೇರಿಂಗಿನ ಗುಂಡುಗಳು ಸವೆದಿರಬೇಕೆಂದು ತೀರ್ಮಾನಿಸಿದರು. ಹೊಸ ಬೇರಿಂಗ್ ತರುವುದು ಖರೀದಿಯಾಗುತ್ತದೆ. ಆದ್ದರಿಂದ ಸಾಸಿವೆ! ಗುಂಡಗಿದೆ, ಗಟ್ಟಿಯಿದೆ, ಮನೆಯಲ್ಲೇ ಇದೆ. ಅಕ್ಕ ಬಾಲ್ಕನಿಯಲ್ಲಿದ್ದಳು. ಭಾವ ಅಡುಗೆಮನೆಗೆ ಹೋಗಿ ಒಗ್ಗರಣೆ ಡಬ್ಬಿ ತೆಗೆದು ಸಾಸಿವೆಗೆ ಬೆರಳು ಹಾಕಿದರು. ನಾನು ಬಾಗಿಲಲ್ಲಿ ನಿಂತಿದ್ದೆ.

ಬೆರಳಿಗೆ ಸಿಕ್ಕಿದ್ದು ಗಾಜಿನ ಪುಟ್ಟ ಫ್ಯೂಸ್, ಲಿಫ್ಟಿನದೇ. ಸುಟ್ಟಿರಲಿಲ್ಲ.

ಭಾವ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಹೊರಗೆ ಅಕ್ಕನ ದನಿ ಕೇಳುತ್ತಿತ್ತು. ಲಿಫ್ಟು ಕೆಟ್ಟದ್ದರಿಂದ ಮಾಶಿ ಕೆಳಗಿನಿಂದ ಕೂಗಿದ್ದಳು; ಅಕ್ಕ ಉಡುಪಿಯ ಧಾಟಿಯ ಬಂಗಾಳಿಯಲ್ಲಿ ಮೊಮ್ಮಗುವಿನ ತೂಕ ಕೇಳುತ್ತಿದ್ದಳು. ಮಾಶಿ ಏನೋ ಅಂದಳು. ಅಕ್ಕ ಜೋರಾಗಿ ನಕ್ಕಳು. ಆ ನಗು ಕೇಳಿ ಬಹಳ ದಿನವಾಗಿತ್ತು.

ಭಾವ ಫ್ಯೂಸನ್ನು ಬೆರಳಿನಿಂದ ಒತ್ತಿ ಸಾಸಿವೆಯೊಳಗೆ ಹೂತು, ಮೇಲೆ ಸಮ ಮಾಡಿ, ಡಬ್ಬಿ ಮುಚ್ಚಿ ಇದ್ದಲ್ಲೇ ಇಟ್ಟರು. ನನ್ನ ಮುಖ ನೋಡಲಿಲ್ಲ. ನೇರ ಬಾಲ್ಕನಿಗೆ ಹೋಗಿ, ಮಾಶಿಮಾಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದರು:

"ಇಲ್ಲ. ನನ್ನಿಂದ ಆಗಲಿಲ್ಲ. ಯಂತ್ರವೇ ಸರಿ ಇಲ್ಲ."

ಅಕ್ಕ ತಿರುಗಿ ನೋಡಿದಳು.

"ನಿನ್ನ ಭುಜ ನೋಯ್ತದೆ, ಈಚೆ ಕೊಡು," ಎಂದು ಅವಳ ಕೈಯಿಂದ ಹಗ್ಗ ತೆಗೆದುಕೊಂಡರು.

ಅಂದಿನಿಂದ ಹಗ್ಗ ಎಳೆಯುತ್ತಿರುವುದು ಭಾವ. ಕಳೆದ ಭಾನುವಾರ ನಾನು ಹೋದಾಗ ಬುಟ್ಟಿ ಎರಡನೇ ಮಹಡಿಯ ಹತ್ತಿರ ನಿಂತಿತ್ತು. ಭಾವ ಹಗ್ಗ ಹಿಡಿದುಕೊಂಡು ಅಕ್ಕನ ಹಿಂದೆ ಸುಮ್ಮನೆ ನಿಂತಿದ್ದರು. ಅಕ್ಕನ ಮಾತು ಇನ್ನೂ ಮುಗಿದಿರಲಿಲ್ಲ.